ಅಳಿಸಿದ ಇಮೇಲ್ ಎಲ್ಲಿಗೆ ಹೋಗುತ್ತದೆ?

ಕಂಪ್ಯೂಟರಿನಲ್ಲಿ ತುಂಬಿಹೋಗಿದ್ದ ಹಳೆಯ ಇಮೇಲುಗಳನ್ನು ಒಂದು ಸಂಜೆ ನಾವು ಕುಳಿತು ಅಳಿಸಿದೆವು. ಮೊಬೈಲಿನಲ್ಲಿ ಹೇಗೂ ಇವೆಯಲ್ಲ ಎಂಬ ಧೈರ್ಯ. ಮರುದಿನ ನೋಡಿದರೆ ಮೊಬೈಲಿನಲ್ಲೂ ಇಲ್ಲ! ಗಲ್ಫಿನಲ್ಲಿರುವ ತಮ್ಮ ಕಳುಹಿಸಿದ್ದ ಮುಖ್ತ್ಯಾರು ಪತ್ರದ ಪ್ರತಿಯೂ ಅವುಗಳೊಡನೆ ಮಾಯವಾಗಿತ್ತು. ಮಕ್ಕಳು, ತಮ್ಮಂದಿರು ಪರವೂರಿನಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಆದುದರಿಂದ ನಾವು ಕಲಿತುದನ್ನು ವಾಚಕರಿಗೂ ತಿಳಿಸುವುದು ಉಚಿತವೆನಿಸಿತು.

ಇಮೇಲನ್ನು ಕಂಪ್ಯೂಟರಿಗೆ ತರಿಸಿಕೊಳ್ಳಲು ಮುಖ್ಯವಾಗಿ ಎರಡು ಪದ್ಧತಿಗಳುಂಟು. ‘ಪಾಪ್’ ಎಂಬುದು ಅಂಚೆ ಕಚೇರಿಯಿಂದ ಕಾಗದವನ್ನು ಮನೆಗೆ ತಂದಂತೆ. ಸರ್ವರಿನಲ್ಲಿ ಒಂದು ಪ್ರತಿ ಉಳಿಯಬೇಕೇ ಬೇಡವೇ ಎಂಬುದನ್ನು ನಾವೇ ಹೇಳಿಡಬೇಕು. ‘ಐಮ್ಯಾಪ್’ ಹಾಗಲ್ಲ. ಅಮೆರಿಕದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಕಾಗದ ಇರುವುದು ಸರ್ವರಿನಲ್ಲಿಯೇ. ಕಂಪ್ಯೂಟರು, ಮೊಬೈಲು ಎರಡೂ ಒಂದೇ ಕೋಣೆಯ ಎರಡು ಕಿಟಕಿಗಳು. ಕಂಪ್ಯೂಟರಿನಲ್ಲಿ ಪ್ರತಿ ಇದ್ದರೂ ಅದು ಸರ್ವರಿನ ನೆರಳು ಮಾತ್ರ. ಅಲ್ಲಿ ಅಳಿದರೆ ಇಲ್ಲಿಯೂ ಅಳಿಯುತ್ತದೆ. ನಮ್ಮ ಮನೆಯಲ್ಲಿದ್ದುದು ಈ ಐಮ್ಯಾಪ್.

ಕೆಲವರದು ಇದಕ್ಕೆ ವಿರುದ್ಧವಾದ ದೂರು: ಎಷ್ಟು ಅಳಿಸಿದರೂ ಕಾಗದ ಹೋಗುವುದಿಲ್ಲ, ಜಾಗವೂ ಖಾಲಿಯಾಗುವುದಿಲ್ಲ. ಐಮ್ಯಾಪಿನಲ್ಲಿ ಅಳಿಸುವುದು ಎರಡು ಹಂತದ ಕೆಲಸ. ಮೊದಲು ಕಾಗದಕ್ಕೆ ‘ಅಳಿಸಿದ್ದು’ ಎಂಬ ಗುರುತು ಬೀಳುತ್ತದೆ. ಅನಂತರ ‘ಎಕ್ಸ್‌ಪಂಜ್’ ಎಂಬ ಆಜ್ಞೆ ಹೋದಾಗಲೇ ಅದು ನಿಜವಾಗಿ ಅಳಿಯುವುದು.

ಥಂಡರ್‌ಬರ್ಡ್ ಬಳಸುವವರು ‘ಅಕೌಂಟ್ ಸೆಟ್ಟಿಂಗ್ಸ್’ನೊಳಗೆ ‘ಸರ್ವರ್ ಸೆಟ್ಟಿಂಗ್ಸ್’ ತೆರೆದು ನೋಡಬೇಕು. ಅಳಿಸಿದ ಕಾಗದವನ್ನು ಏನು ಮಾಡಬೇಕೆಂಬುದಕ್ಕೆ ಅಲ್ಲಿ ಮೂರು ಆಯ್ಕೆಗಳಿವೆ: ಒಂದು ಫೋಲ್ಡರಿಗೆ ಸಾಗಿಸುವುದು, ಗುರುತು ಮಾತ್ರ ಹಾಕುವುದು, ತಕ್ಷಣ ತೆಗೆದುಹಾಕುವುದು. ಮೊದಲನೆಯದೇ ಕ್ಷೇಮ. ಮೊಬೈಲು ಯಾವ ಟ್ರ್ಯಾಶ್ ಫೋಲ್ಡರನ್ನು ಬಳಸುತ್ತದೆಯೋ ಅದನ್ನೇ ಇಲ್ಲಿಯೂ ಆರಿಸಬೇಕು. ಇಲ್ಲವಾದರೆ ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದರಲ್ಲಿ ಹುಡುಕಿ ಬೇಸರವಾದೀತು. ಮುಚ್ಚುವಾಗ ಟ್ರ್ಯಾಶ್ ಖಾಲಿ ಮಾಡುವ ಆಯ್ಕೆಗೆ ಗುರುತು ಬಿದ್ದಿದ್ದರೆ ತೆಗೆದುಬಿಡಿ.

ತಪ್ಪಿ ಅಳಿಸಿದವರು ಗಾಬರಿಯಾಗಬೇಕಿಲ್ಲ. ಮೊದಲು ಬ್ರೌಸರಿನಲ್ಲಿ ಖಾತೆಯನ್ನು ತೆರೆದು ಟ್ರ್ಯಾಶ್ ನೋಡಿ. ಜಿಮೇಲಿನಲ್ಲಿ ಅಲ್ಲಿಗೆ ಹೋದ ಕಾಗದ 30 ದಿನ ಇರುತ್ತದೆ. ಆಮೇಲೆ ತಾನಾಗಿ ಅಳಿಯುತ್ತದೆ. ಮೊಬೈಲಿನಲ್ಲಿ ಅಳಿಸಿದ್ದು, ಆ ಬಳಿಕ ಕಂಪ್ಯೂಟರನ್ನು ತೆರೆದಿಲ್ಲವೆಂದಾದರೆ ಇನ್ನೊಂದು ದಾರಿಯುಂಟು. ಇಂಟರ್ನೆಟ್ಟನ್ನು ಕಡಿದು ಥಂಡರ್‌ಬರ್ಡನ್ನು ತೆರೆಯಿರಿ. ಹಿಂದೆ ಇಳಿಸಿಕೊಂಡ ಪ್ರತಿ ಅದರಲ್ಲಿ ಉಳಿದಿದ್ದರೆ ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಿಕೊಳ್ಳಬಹುದು.

ಈ ‘ಲೋಕಲ್ ಫೋಲ್ಡರ್ಸ್’ ಮಾತ್ರ ನಿಜವಾಗಿ ಮನೆಯ ಪೆಟ್ಟಿಗೆ. ಸರ್ವರಿನ ಅಳಿವು ಅದನ್ನು ಮುಟ್ಟದು. ಪಿಂಚಣಿ, ಜಾಗ, ಪಾಸ್‌ಪೋರ್ಟು ಮುಂತಾದವುಗಳ ಕಾಗದಗಳನ್ನು ಅಲ್ಲಿಗೆ ‘ಕಾಪಿ’ ಮಾಡಿ. ‘ಮೂವ್’ ಮಾಡಿದರೆ ಸರ್ವರಿನ ಪ್ರತಿ ಹೋಗುತ್ತದೆ. ಕಂಪ್ಯೂಟರು ಕೆಡುವುದೂ ಉಂಟು, ಆದುದರಿಂದ ಒಂದು ಪೆನ್‌ಡ್ರೈವಿನಲ್ಲಿಯೂ ಇರಲಿ.

ತಮ್ಮನ ಪತ್ರ ನಮಗೆ ಟ್ರ್ಯಾಶಿನಲ್ಲಿ ಸಿಕ್ಕಿತು. ಇನ್ನೊಂದು ತಿಂಗಳು ತಡೆದಿದ್ದರೆ ಅದಕ್ಕಾಗಿ ಅವನು ಮತ್ತೆ ಕಚೇರಿ ಹತ್ತಬೇಕಾಗುತ್ತಿತ್ತು.