ಮರಕ್ಕೆ ಮದ್ದು ಹೇಳಿದ ಡಾಕ್ಟರ್

ಮಕ್ಕಳೇ, ಮಳೆಗಾಲದಲ್ಲಿ ಎಡನೀರಿನ ಕಡೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವುದನ್ನು ನೀವು ನೋಡಿರಬಹುದು. ಮೈಲುತುತ್ತು ಮತ್ತು ಸುಣ್ಣವನ್ನು ಬೇರೆ ಬೇರೆ ನೀರಿನಲ್ಲಿ ಕಲಸಿ, ಆಮೇಲೆ ಬೆರೆಸಿದ ನೀಲಿ ಬಣ್ಣದ ಮದ್ದು ಅದು. ಬೋರ್ಡೋ ದ್ರಾವಣವೆಂದು ಅದರ ಹೆಸರು. ಅದನ್ನು ಸಿಂಪಡಿಸದಿದ್ದರೆ ಕೊಳೆರೋಗ ಬಂದು ಎಳೆಯ ಅಡಿಕೆಗಳು ಉದುರುತ್ತವೆ. ವರ್ಷದ ದುಡಿಮೆಯೆಲ್ಲ ಮರದ ಬುಡದಲ್ಲಿ ಕೊಳೆಯುತ್ತದೆ.

ಫ್ರಾನ್ಸಿನಲ್ಲಿ ದ್ರಾಕ್ಷಿ ಬಳ್ಳಿಗೆ ಬಳಸುತ್ತಿದ್ದ ಈ ಮದ್ದು ಅಡಿಕೆಯ ಕೊಳೆರೋಗಕ್ಕೂ ಆಗುತ್ತದೆಂದು ತೋರಿಸಿಕೊಟ್ಟವರು ಡಾಕ್ಟರ್ ಲೆಸ್ಲಿ ಕೋಲ್ಮನ್. ಅವರು ಕೆನಡಾ ದೇಶದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ನಾಡಿ ಹಿಡಿದು ನೋಡುವ ಡಾಕ್ಟರು ಅವರಲ್ಲ. ಹಾಗಾದರೆ ಅವರ ಹೆಸರಿನ ಮುಂದೆ ಡಾಕ್ಟರ್ ಎಂದು ಏಕೆ ಇದೆ?

ಒಂದು ವಿಷಯವನ್ನು ಹಿಡಿದು, ಅದುವರೆಗೆ ಯಾರಿಗೂ ತಿಳಿಯದ ಸಂಗತಿಯನ್ನು ಹುಡುಕಿ, ಪ್ರಬಂಧ ಬರೆದವರಿಗೆ ವಿಶ್ವವಿದ್ಯಾಲಯವು ಪಿಎಚ್.ಡಿ. ಎಂಬ ಪದವಿಯನ್ನು ಕೊಡುತ್ತದೆ. ಅವರನ್ನೂ ಡಾಕ್ಟರ್ ಎಂದು ಕರೆಯುತ್ತಾರೆ. ಇದಕ್ಕೆ ನಮ್ಮ ದೇಶದಲ್ಲಿ ಕಡಿಮೆಯೆಂದರೂ ಮೂರು ವರ್ಷ ಬೇಕು. ಅಷ್ಟು ಕಾಲ ಒಂದೇ ವಿಷಯದ ಜೊತೆಗೆ ಬಾಳಬೇಕು. ಆದ್ದರಿಂದ ಏನನ್ನು, ಎಲ್ಲಿ, ಯಾರ ಬಳಿ ಕಲಿಯಬೇಕೆಂದು ಮೊದಲೇ ಯೋಚಿಸಬೇಕಾಗುತ್ತದೆ.

ಕೋಲ್ಮನ್ನರು ಈ ಪದವಿಗಾಗಿ ಕೆನಡಾದಿಂದ ಜರ್ಮನಿಗೆ ಹೋದರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಆಗ ಜರ್ಮನಿ ಬಹಳ ಮುಂದಿತ್ತು. ಅವರ ಪ್ರಶ್ನೆಗೆ ತಕ್ಕ ಗುರುಗಳು ಅಲ್ಲಿದ್ದರು.

ಈಗ ನಿಮ್ಮ ವಿಚಾರಕ್ಕೆ ಬರೋಣ. ತೆಂಗಿನ ಬಗ್ಗೆ ತಿಳಿಯಬೇಕೆಂದಿದ್ದರೆ ದೂರ ಹೋಗಬೇಕಾಗಿಲ್ಲ. 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ ನಮ್ಮ ಕಾಸರಗೋಡಿನಲ್ಲೇ ಇದೆ. ಯಕ್ಷಗಾನದ ಹಳೆಯ ಪ್ರಸಂಗಗಳ ಬಗ್ಗೆ ಬರೆಯುವ ಆಸೆಯೇ? ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅದು 1991ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯ ತೀರ್ಪನ್ನು 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಕೊಟ್ಟರು. ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂಬ ಆ ತೀರ್ಪನ್ನು ಇಂದಿಗೂ ಓದುತ್ತಾರೆ. ಅದರ ಬಗ್ಗೆ ಬರೆಯುವವರು ಕಾನೂನು ಕಲಿಸುವ ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ದೊಡ್ಡ ಹೆಸರಿನ ವಿಶ್ವವಿದ್ಯಾಲಯವಾದರೆ ಸಾಕು ಎಂದು ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ನಿಮ್ಮ ವಿಷಯವನ್ನು ಬಲ್ಲ ಗುರುಗಳು ಅಲ್ಲಿ ಇಲ್ಲದಿದ್ದರೆ ದೊಡ್ಡ ಕಟ್ಟಡದಿಂದ ಏನು ಪ್ರಯೋಜನ?

ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ಆದರೆ ವಿಜ್ಞಾನದ ಸಂಶೋಧನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುವುದರಿಂದ ಆ ಭಾಷೆಯನ್ನೂ ಚೆನ್ನಾಗಿ ಕಲಿಯಬೇಕು. ಇನ್ನೊಂದು ಮಾತು. ಕಾಲೇಜಿನಲ್ಲಿ ಕಲಿಸಲು, ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳಲು ಈ ಪದವಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಕೆಲಸಕ್ಕೂ ಅದು ಬೇಕಿಲ್ಲ. ಮಂಜೇಶ್ವರದ ಗೋವಿಂದ ಪೈಗಳಿಗೆ ಬಿ.ಎ. ಮುಗಿಸಲೂ ಆಗಲಿಲ್ಲ. ಆದರೂ ಅವರು ಇತಿಹಾಸದ ದೊಡ್ಡ ಸಂಶೋಧಕರಾದರು.

ಅಡಿಕೆಗೆ ಹಳದಿ ಎಲೆ ರೋಗವೆಂಬ ಇನ್ನೊಂದು ರೋಗವಿದೆ. ಸೋಗೆಗಳು ಹಳದಿಯಾಗಿ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದನ್ನು ಪೂರ್ತಿಯಾಗಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ.