ಬಣ್ಣಕ್ಕೆ ಕೊಡುವ ದುಡ್ಡು, ಕೆರೆಯಲು ಕೊಡದ ಕೂಲಿ

ಯಮಕನಮರಡಿಯಂಥ ಊರುಗಳಲ್ಲಿ ಮನೆಯ ಹೊರಗೋಡೆಗೆ ಬಣ್ಣ ಬಳಿಸುವ ತೀರ್ಮಾನವನ್ನು ಗೋಡೆಯ ಸ್ಥಿತಿ ನೋಡಿ ಕೈಗೊಳ್ಳುವವರು ಕಡಿಮೆ. ಮಗಳ ಮದುವೆ ನಿಶ್ಚಯವಾಗಬೇಕು, ಊರ ಜಾತ್ರೆ ಬರಬೇಕು, ಇಲ್ಲವೇ ಮಹಾನವಮಿ, ದೀಪಾವಳಿಗಳು ಹತ್ತಿರವಾಗಬೇಕು. ಆಗ ಪೇಂಟರನಿಗೆ ಕರೆ ಹೋಗುತ್ತದೆ. ಅವನಿಗೆ ಕೇಳುವ ಪ್ರಶ್ನೆಗಳು ಎರಡೇ: ಚದರ ಅಡಿಗೆ ಎಷ್ಟು? ಎಷ್ಟು ದಿನದಲ್ಲಿ ಮುಗಿಸುತ್ತೀ? ಗೋಡೆ ಒಣಗಿದೆಯೇ, ಹಳೆಯ ಬಣ್ಣದ ಕೆಳಗೆ ಏನಿದೆ, ಅದನ್ನು ಕೆರೆದು ತೆಗೆಯಲು ಎಷ್ಟು ಆಳು ಬೇಕು ಎಂಬ ಪ್ರಶ್ನೆಗಳು ಮಾತುಕತೆಯಲ್ಲಿ ಸುಳಿಯುವುದೇ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬಂದಾಗ ಬೈಗುಳ ಮಾತ್ರ ಪೇಂಟರನ ಪಾಲಿಗೆ. ಆದರೆ ಆ ಗೋಡೆ ಕೆಟ್ಟದ್ದು ಬಹುಮಟ್ಟಿಗೆ ವ್ಯವಹಾರ ಕುದುರಿದ ದಿನವೇ.

ಮೊದಲಿಗೆ ಕಾಲದ ಮಾತು. ಬೆಳಗಾವಿಯಿಂದ ಗೋಕಾಕದತ್ತ ಸಾಗುವಷ್ಟರಲ್ಲಿ ವರ್ಷದ ಮಳೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹುಕ್ಕೇರಿ ಸೀಮೆ ಈ ಎರಡರ ನಡುವಿನದು. ಘಟಪ್ರಭೆಯ ಕಡೆಯ ಊರುಗಳಲ್ಲಿ ನೈಋತ್ಯದ ಗಾಳಿಯೊಡನೆ ಬರುವ ಮಳೆ ನೇರವಾಗಿ ಪಡುವಣ ಗೋಡೆಗೆ ಬಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಗೋಡೆ ಅಕ್ಟೋಬರಿನಲ್ಲಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಹಿಂಗಾರಿನ ಮಳೆ ಇನ್ನೂ ಬಾಕಿ. ನಮ್ಮ ಹಬ್ಬಗಳು ಬರುವುದು ಸರಿಯಾಗಿ ಈ ಹೊತ್ತಿಗೆ. ಹಸಿ ಗೋಡೆಯ ಮೇಲೆ ಬಣ್ಣದ ಪದರ ಕೂಡಿಸಿದರೆ ಒಳಗಿನ ನೀರು ಹೊರಬರಲು ಅದನ್ನೇ ದೂಡುತ್ತದೆ. ನವೆಂಬರ್ ನಡುವಿನಿಂದ ಫೆಬ್ರುವರಿವರೆಗಿನ ಒಣಹವೆಯೇ ಈ ಕೆಲಸಕ್ಕೆ ಹೇಳಿಸಿದ್ದು. ಬೇಸಿಗೆಯಲ್ಲಿ ಬಿಸಿಲು ಕಾಯ್ದ ಗೋಡೆಗೆ ಬಳಿದ ಬಣ್ಣ ಹರಡುವ ಮೊದಲೇ ಒಣಗಿ ಕುಂಚದ ಗೆರೆ ಉಳಿಸುತ್ತದೆ. ಮದುವೆಗಾಗಿ ಏಪ್ರಿಲ್‌ನಲ್ಲಿ ಬಳಿಸಲೇಬೇಕಾದವರು ನೆರಳಿರುವ ಬದಿಯಲ್ಲಿ ಕೆಲಸ ಹಿಡಿಸಬೇಕು. ಗೋಡೆ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿ ಒಂದು ದಿನ ಬಿಟ್ಟು ನೋಡಿದರೆ ಸಾಕು. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಪೇಂಟರನನ್ನು ಇನ್ನೊಂದಿಷ್ಟು ದಿನ ಬಿಟ್ಟು ಕರೆಯುವುದು ಲೇಸು.

ಇನ್ನು ಯಾವುದನ್ನು ಬಳಿಯಬೇಕು ಎಂಬುದು. ಇಲ್ಲಿಯೇ ಹೆಚ್ಚಿನ ಹಾನಿ ಆಗಿರುವುದು. ಈ ಭಾಗದ ಹಳೆಯ ಮನೆಗಳ ಗೋಡೆಗಳು ಕಲ್ಲು ಮಣ್ಣಿನವು, ಗಾರೆಯವು. ಅವುಗಳ ಅಡಿಪಾಯದಲ್ಲಿ ತೇವ ತಡೆಯುವ ಪದರವಿಲ್ಲ. ನೆಲದ ನೀರು ಎರಡು ಮೂರು ಅಡಿ ಮೇಲೇರುತ್ತದೆ, ಮತ್ತೆ ಆರುತ್ತದೆ. ಸುಣ್ಣ ಇದಕ್ಕೆ ಅಡ್ಡಿಪಡಿಸುವುದಿಲ್ಲ. ಸುಟ್ಟು ಅರಳಿಸಿದ ಸುಣ್ಣ ಗೋಡೆಯ ಮೇಲೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಆದರೆ ಆವಿ ಹಾಯ್ದುಹೋಗುವಷ್ಟು ರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬಳಿಯಬೇಕಾದದ್ದು ಅದರ ದೋಷವೆಂದು ನಾವು ತಿಳಿದೆವು. ಇಂಥ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿಸಿ, ಅದರ ಮೇಲೆ ಹೊಳೆಯುವ ಎಮಲ್ಷನ್ ಬಳಿಸಿದವರ ಮನೆಯ ಬುಡದಲ್ಲಿ ಇಂದು ಉಪ್ಪು ಹೊರಬಿದ್ದಿರುವುದನ್ನು, ಒಳಗಿನ ಮಣ್ಣು ಪುಡಿಯಾಗಿ ಉದುರುವುದನ್ನು ಯಾವ ಓಣಿಯಲ್ಲಿ ಬೇಕಾದರೂ ಕಾಣಬಹುದು. ಸುಣಗಾರ ಎಂಬ ಅಡ್ಡಹೆಸರು ನಮ್ಮ ಜಿಲ್ಲೆಗಳಲ್ಲಿ ಗಟ್ಟಿಯಾಗಿ ಉಳಿದಿದೆ, ಆ ಹೆಸರು ತಂದುಕೊಟ್ಟ ಸುಣ್ಣದ ಭಟ್ಟಿಗಳನ್ನು ಮಾತ್ರ ಹುಡುಕಬೇಕಾಗಿದೆ.

ಇದು ಒಂದೇ ದಿಕ್ಕಿನ ದಾರಿಯೆಂಬುದನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ. ಪುಡಿ ಬಿಡುವ ಹಳೆಯ ಸುಣ್ಣದ ಮೇಲೆ ಎಮಲ್ಷನ್ ನಿಲ್ಲದು. ಸುಣ್ಣವನ್ನು ಪೂರ್ತಿ ಕೆರೆಯಲೇಬೇಕು. ಒಮ್ಮೆ ಎಮಲ್ಷನ್ ಬಳಿದ ಗೋಡೆಗೆ ಮುಂದೆ ಸುಣ್ಣವೂ ಹಿಡಿಯದು. ಆದ್ದರಿಂದ ಮಣ್ಣಿನ, ಗಾರೆಯ ಗೋಡೆಯಿದ್ದವರು ಸುಣ್ಣಕ್ಕೇ ಅಂಟಿಕೊಳ್ಳುವುದು ಜಾಣತನ. ಬಣ್ಣವೇ ಬೇಕೆಂದರೆ ಕೆಮ್ಮಣ್ಣು, ಹಳದಿ ಮಣ್ಣು ಇವೆ. ಅವುಗಳ ಬಣ್ಣ ಕಬ್ಬಿಣದ ಆಕ್ಸೈಡಿನದಾದ್ದರಿಂದ ಬಿಸಿಲಿಗೆ ಮಾಸುವುದಿಲ್ಲ. ಅಂಗಡಿಯ ಯಂತ್ರ ಕ್ಷಣದಲ್ಲಿ ಬೆರೆಸಿಕೊಡುವ ಕಡುನೇರಳೆ, ಗಿಳಿಹಸಿರುಗಳ ಬಗ್ಗೆ ಈ ಮಾತು ಹೇಳಲಾಗದು.

ಇಟ್ಟಿಗೆ ಮತ್ತು ಸಿಮೆಂಟಿನ ಹೊಸ ಮನೆಗಳ ಸಂಗತಿ ಬೇರೆ. ಅವುಗಳಿಗೆ ಸಿಮೆಂಟ್ ಬಣ್ಣ ಅಥವಾ ಹೊರಗೋಡೆಯ ಎಮಲ್ಷನ್ ಎರಡೂ ಸಲ್ಲುತ್ತವೆ, ಗಿಲಾಯಿ ಮಾಡಿ ಕನಿಷ್ಠ 28 ದಿನವಾದರೂ ಕಳೆದಿರಬೇಕು ಅಷ್ಟೆ. ಸಿಮೆಂಟ್ ಬಣ್ಣ ಅಗ್ಗ, ಆದರೆ ಹೆಸರಿಗೆ ತಕ್ಕಂತೆ ಅದು ಸಿಮೆಂಟೇ. ಬಳಿಯುವ ಮುನ್ನ ಗೋಡೆ ತೋಯಿಸಬೇಕು, ಕಲಸಿದ್ದನ್ನು ಒಂದೆರಡು ತಾಸಿನಲ್ಲಿ ಮುಗಿಸಬೇಕು, ಬಳಿದ ಮೇಲೆ ಕೆಲವು ದಿನ ನೀರು ಉಣಿಸಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಈ ಕೊನೆಯ ಕೆಲಸ ತಪ್ಪುತ್ತದೆ. ಮರುವರ್ಷ ಗೋಡೆಗೆ ಒರಗಿದವರ ಅಂಗಿಗೆಲ್ಲ ಬಿಳಿ ಪುಡಿ.

ಕೆಲಸ ಹಿಡಿಯುವವನನ್ನು ಆರಿಸುವ ಬಗೆ ಹೇಗೆ? ಅವನು ಈಚೆಗೆ ಮುಗಿಸಿದ ಮನೆಯನ್ನು ನೋಡಿ ಪ್ರಯೋಜನವಿಲ್ಲ. ಮೊನ್ನೆ ಬಳಿದ ಗೋಡೆ ಎಲ್ಲರದೂ ಚೆಂದವೇ. ಮೂರು ವರ್ಷದ ಹಿಂದೆ ಬಳಿದ ಮನೆಯೊಂದರ ಪಡುವಣ ಗೋಡೆಯನ್ನು ತೋರಿಸು ಎನ್ನಬೇಕು. ಅಂಗೈಯಿಂದ ಸವರಿದರೆ ಪುಡಿ ಬಾರದಿದ್ದರೆ, ಪ್ಯಾರಾಪೆಟ್ಟಿನ ಕೆಳಗೆ ಪಾಚಿಯ ಕಪ್ಪು ಗೆರೆಗಳು ಇಳಿಯದಿದ್ದರೆ ಅವನ ಜೊತೆ ಮಾತು ಮುಂದುವರಿಸಬಹುದು. ಮುಂಗಡಕ್ಕೆ ನಮ್ಮ ಕಡೆ ಸಂಚಕಾರವೆಂಬ ಮಾತಿದೆ. ಜೀವಕ್ಕೆ ಸಂಚಕಾರ ಬಂತು ಎನ್ನುವಾಗ ಬಳಸುವುದೂ ಅದೇ ಪದ. ಕೊಡುವವರು ಎರಡೂ ಅರ್ಥ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸಾಮಾನುಸಹಿತ ಗುತ್ತಿಗೆ ಕೊಡುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ಲೆಕ್ಕ ನೋಡೋಣ. ಬಾಗಿಲು ಕಿಟಕಿ ಕಳೆದು 1,000 ಚದರ ಅಡಿಯ ಹೊರಗೋಡೆಗೆ ಎರಡು ಕೋಟಿಗೆ ಸಾಧಾರಣ ಎಮಲ್ಷನ್ ಸುಮಾರು 20 ಲೀಟರ್ ಬೇಕು, ಅಂದರೆ ಒಂದು ದೊಡ್ಡ ಬಕೆಟ್. ಇದು ನೀರು ಬೆರೆಸುವ ಮೊದಲಿನ ಅಳತೆ; ತರಿಗಿಲಾಯಿ ಇದ್ದರೆ ಇನ್ನೂ ಹೆಚ್ಚು. ಎಷ್ಟು ನೀರು ಸೇರಿಸಬೇಕೆಂದು ಡಬ್ಬದ ಮೇಲೆಯೇ ಬರೆದಿರುತ್ತದೆ. ಪೈಪೋಟಿಗೆ ಬಿದ್ದು ದರ ಇಳಿಸಿದವನು 13 ಲೀಟರಿನಲ್ಲಿ ಆ ಗೋಡೆ ಮುಚ್ಚಬಲ್ಲ, ಉಳಿದದ್ದು ಕೊಳಾಯಿಯಿಂದ ಬರುತ್ತದೆ. ಬಣ್ಣ ಅದೇ, ಕಾಣುವುದೂ ಅದೇ, ಒಂದು ಮಳೆಗಾಲದವರೆಗೆ. ಬಣ್ಣದ ಕಂಪನಿಗಳು ಪೇಂಟರುಗಳಿಗಾಗಿ ಡಬ್ಬದೊಳಗೆ ಟೋಕನ್ ಇಡುವ ಪದ್ಧತಿಯೂ ಉಂಟು. ಯಾವ ಕಂಪನಿಯ ಮಾಲು ಒಳ್ಳೆಯದೆಂದು ಪೇಂಟರನನ್ನು ಕೇಳುವಾಗ ಇದು ತಿಳಿದಿರಬೇಕು. ಟೋಕನ್ ಅವನದೇ ಇರಲಿ, ತಕರಾರು ಬೇಡ. ಡಬ್ಬಗಳನ್ನು ಮಾತ್ರ ಮನೆಯವರು ತಾವೇ ಕೊಂಡು, ಮುಚ್ಚಳ ತೆರೆಯುವುದನ್ನು ಕಣ್ಣಾರೆ ನೋಡಿ, ಖಾಲಿಯಾದವನ್ನು ಎಣಿಸಿಡಬೇಕು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಕೂಲಿಯನ್ನು ಒಡೆದು ಮಾತಾಡುವುದು. ಪಾಚಿಗೆ ಬ್ಲೀಚಿಂಗ್ ಪುಡಿಯ ನೀರು ಹಚ್ಚಿ ತೊಳೆಯುವುದು, ಸಡಿಲವಾದ ಬಣ್ಣ ಕೆರೆಯುವುದು, ತಂತಿ ಬ್ರಷ್ಷಿನಿಂದ ತಿಕ್ಕುವುದು, ಬಿರುಕು ತುಂಬುವುದು, ಪ್ರೈಮರ್ ಕೊಡುವುದು: ಬಹಳಷ್ಟು ಶ್ರಮ ಇಲ್ಲಿಯೇ ಇದೆ. ಆದರೆ ಚದರ ಅಡಿಯ ದರದಲ್ಲಿ ಈ ಶ್ರಮಕ್ಕೆ ಹೆಸರೇ ಇಲ್ಲ. ಕಾಣದ ಕೆಲಸಕ್ಕೆ ಕೂಲಿಯಿಲ್ಲವೆಂದಾದರೆ ಯಾವ ಮನುಷ್ಯ ಅದನ್ನು ನಿಷ್ಠೆಯಿಂದ ಮಾಡಿಯಾನು? ಕೆರೆಯುವ ಕೆಲಸವನ್ನು ದಿನಗೂಲಿಗೆ ಮಾಡಿಸಿ, ಗೋಡೆ ನೋಡಿ ಅದರ ಹಣ ಅಂದೇ ತೀರಿಸಿ, ಬಳಿಯುವುದನ್ನಷ್ಟೇ ಚದರ ಅಡಿಗೆ ಕೊಡುವ ಮನೆಗಳು ಕೆಲವಿವೆ. ಅಂಥ ಕಡೆ ಮೊದಲ ಖರ್ಚು ಹೆಚ್ಚು ಬೀಳುತ್ತದೆ ನಿಜ. ಎರಡು ವರ್ಷಕ್ಕೆ ಮತ್ತೆ ಬಳಿಸುವವರ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಹೆಚ್ಚಲ್ಲ.

ಕೆರೆಯುವಾಗ ಇನ್ನೊಂದು ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಬಾಗಿಲು, ಕಿಟಕಿ, ಸರಳುಗಳಿಗೆ ಹಚ್ಚಿದ ಎಣ್ಣೆಬಣ್ಣದಲ್ಲಿ ಸೀಸ ಎಷ್ಟಿತ್ತೋ ಹೇಳುವಂತಿಲ್ಲ. ಒಣಗಿದ್ದನ್ನೇ ಉಜ್ಜಿದರೆ ಅದರ ಧೂಳು ಕಟ್ಟೆಯ ಮೇಲೆ ಆಡುವ ಮಕ್ಕಳ ಬಾಯಿಗೆ ಹೋಗುತ್ತದೆ. ನೀರು ಹಚ್ಚಿ ಉಜ್ಜಿಸಬೇಕು, ಹೆಕ್ಕಳಿಕೆಗಳನ್ನು ಗುಡಿಸಿ ಕಟ್ಟಿಡಬೇಕು, ಉಜ್ಜುವವನ ಮೂಗಿಗೆ ಬಟ್ಟೆಯನ್ನಲ್ಲ, ಧೂಳು ತಡೆಯುವ ಮುಖಗವಸು ಕೊಡಬೇಕು.

ಏಣಿಯ ಮೇಲಿನ ಜೀವದ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಎರಡು ಅಂತಸ್ತಿನ ಮನೆಗೆ ಬಿದಿರಿನ ಅಟ್ಟಣಿಗೆ ಕಟ್ಟಿಸುವ ಖರ್ಚು ಯಾರದು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ, ಅಟ್ಟಣಿಗೆ ಕಟ್ಟದೆಯೇ ಕೆಲಸ ಆರಂಭವಾಗುತ್ತದೆ. ಓಣಿಯ ವಿದ್ಯುತ್ ತಂತಿ ಮಹಡಿಯ ಮೂಲೆಗೆ ಕೈಯಳತೆಯಲ್ಲಿರುತ್ತದೆ. ಹುಕ್ಕೇರಿ ಸೀಮೆಯಲ್ಲಿ 1969ರಿಂದ ವಿದ್ಯುತ್ ಪೂರೈಸುತ್ತ ಬಂದಿರುವುದು ಜನರೇ ಸದಸ್ಯರಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಆ ಬದಿಯ ಗೋಡೆ ಬಳಿಯುವ ಹೊತ್ತು ಲೈನ್ ಬಂದ್ ಮಾಡಿರೆಂದು ಕೇಳಲು ಅದರ ಸದಸ್ಯರಿಗೆ ಸಂಕೋಚವೇಕೆ? ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಪೇಂಟರುಗಳೂ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಆಧಾರ ಬೇಕು. ಒಂದು ಮನೆಯಲ್ಲಿ ಆರು ದಿನ, ಇನ್ನೊಂದರಲ್ಲಿ ಹತ್ತು ದಿನ ದುಡಿಯುವವನು ಆ ಆಧಾರವನ್ನು ಎಲ್ಲಿಂದ ತರಬೇಕು? ಲೆಕ್ಕ ಚುಕ್ತಾ ಮಾಡುವಾಗ ದಿನಾಂಕ ಹಾಕಿ, ಸಹಿ ಮಾಡಿ ಒಂದು ಚೀಟಿ ಬರೆದುಕೊಡುವ ಮನೆಯವರು ಇಂದಿಗೂ ವಿರಳ.