ಅಳತೆಪಟ್ಟಿಯಿಂದ ಬೆರಳಚ್ಚಿಗೆ

ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಮತ್ತು ಆಚೆಯ ಆಳಂದ 1948ರವರೆಗೆ ಹೈದರಾಬಾದ್ ನಿಜಾಮರ ಸೀಮೆ. ಪಕ್ಕದ ವಿಜಾಪುರ ಜಿಲ್ಲೆ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಅಕ್ಕಲಕೋಟೆಗೆ ಬೇರೆಯೇ ಅರಸರು. ಗಡಿ ದಾಟಿ ಬಂದವನು ಬೇರೆ ಹೆಸರು, ಬೇರೆ ಊರು ಹೇಳಿದರೆ ಅವನು ಹಳೆಯ ಅಪರಾಧಿಯೇ ಎಂದು ತಿಳಿಯುವುದು ಹೇಗೆ? 19ನೇ ಶತಮಾನದಲ್ಲಿ ಪ್ಯಾರಿಸ್ಸಿನಿಂದ ಬಂಗಾಳದವರೆಗೆ ಪೊಲೀಸರನ್ನು ಕಾಡಿದ್ದು ಇದೇ ಪ್ರಶ್ನೆ.

ಮೊದಲ ವೈಜ್ಞಾನಿಕ ಉತ್ತರ ಕೊಟ್ಟವರು ಪ್ಯಾರಿಸ್ ಪೊಲೀಸ್ ಕಚೇರಿಯ ಗುಮಾಸ್ತ ಅಲ್ಫೋನ್ಸ್ ಬರ್ಟಿಯೋನ್. ಸುಮಾರು ಇಪ್ಪತ್ತು ವರ್ಷ ತುಂಬಿದ ಮೇಲೆ ಮನುಷ್ಯನ ಮೂಳೆಯ ಉದ್ದ ಹೆಚ್ಚುಕಡಿಮೆ ಬದಲಾಗದು ಎಂಬುದೇ ಅವರ ಆಧಾರ. ನಿಂತ ಎತ್ತರ, ಚಾಚಿದ ಕೈಗಳ ಹರವು, ಕುಳಿತ ಎತ್ತರ, ತಲೆಯ ಉದ್ದ ಮತ್ತು ಅಗಲ, ಬಲಗಿವಿ, ಎಡಪಾದ, ಎಡಗೈಯ ನಡುಬೆರಳು ಮತ್ತು ಕಿರುಬೆರಳು, ಎಡಗೈಯ ಮೊಳ ಮುಂತಾದ ಒಟ್ಟು 11 ಅಳತೆ. ಪ್ರತಿಯೊಂದನ್ನೂ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಭಾಗ ಮಾಡಿದರೆ ಲೆಕ್ಕದ ಪ್ರಕಾರ ಕಾರ್ಡು ಇಡಲು 1,77,147 ಮನೆಗಳಾಗುತ್ತವೆ. ಸಾವಿರಾರು ಕಾರ್ಡುಗಳ ರಾಶಿಯಲ್ಲಿ ಬೇಕಾದ ಒಂದನ್ನು ಕೆಲವೇ ನಿಮಿಷಗಳಲ್ಲಿ ಹುಡುಕಬಹುದೆಂಬುದು ಇದರ ನಿಜವಾದ ಜಾಣ್ಮೆ. 1883ರಲ್ಲಿ ಈ ಪದ್ಧತಿಯಿಂದ ಮೊದಲ ಅಪರಾಧಿ ಸಿಕ್ಕಿಬಿದ್ದ.

1890ರ ದಶಕದಲ್ಲಿ ಇದು ಭಾರತಕ್ಕೂ ಬಂತು. ಬಂಗಾಳದಲ್ಲಿ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿ ಜಾರಿಗೆ ತಂದರು. ದಕ್ಷಿಣದಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಪೊಲೀಸರಿಗೆ ತರಬೇತಿ ಕೊಟ್ಟರು. ಆದರೆ ದೋಷಗಳು ಬೇಗ ಕಂಡವು. ಕ್ಯಾಲಿಪರನ್ನು ಒಬ್ಬರು ಬಿಗಿಯಾಗಿ, ಇನ್ನೊಬ್ಬರು ಸಡಿಲವಾಗಿ ಹಿಡಿದರೆ ಅದೇ ತಲೆಗೆ ಎರಡು ಅಳತೆ; ಕಾರ್ಡು ತಪ್ಪು ಮನೆ ಸೇರುತ್ತಿತ್ತು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇನ್ನೂ ಆಳದ ದೋಷ ತೋರಿಸಿದರು: ಎತ್ತರದವನ ಕೈ, ಕಾಲು, ಮೊಳ ಸಾಮಾನ್ಯವಾಗಿ ಉದ್ದವೇ ಇರುತ್ತವೆ. ಅಳತೆಗಳು ಒಂದಕ್ಕೊಂದು ತಳಕು ಹಾಕಿಕೊಂಡಿರುವುದರಿಂದ ಬಹಳಷ್ಟು ಮನೆಗಳು ಖಾಲಿ, ಕೆಲವು ಕಿಕ್ಕಿರಿದು ತುಂಬಿರುತ್ತವೆ.

ಬೆರಳ ಗೆರೆಗೆ ಈ ತೊಡಕಿಲ್ಲ. ತಾಯಿಯ ಗರ್ಭದಲ್ಲೇ ಅದು ಮೂಡುತ್ತದೆ. ಒಂದೇ ರೂಪದ ಅವಳಿಗಳಲ್ಲೂ ಬೇರೆಬೇರೆ. ಹೆನ್ರಿಯವರ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಸುಳಿಗಳಿಗೆ 16, 8, 4, 2, 1 ಎಂಬ ಬೆಲೆ ಕೊಟ್ಟು ಹತ್ತೂ ಬೆರಳಿನ ಅಚ್ಚಿನ ಕಾರ್ಡುಗಳನ್ನು 1,024 ಮನೆಗಳಲ್ಲಿ ಹಂಚುವ ಗಣಿತ ರೂಪಿಸಿದರು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ತೆರೆಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಆ ಪದ್ಧತಿ ತಲುಪಿದ್ದು 1901ರಲ್ಲಿ. ಕೀರ್ತಿ ಹೆನ್ರಿಯವರ ಹೆಸರಿಗೆ ಹೋಯಿತು. ಆ ಇಬ್ಬರು ಭಾರತೀಯರ ಪಾಲು ಬಹುಕಾಲ ಮರೆಯಲ್ಲೇ ಉಳಿಯಿತು.

ಸಾಧನ ಸುಧಾರಿಸಿತು, ಬಳಸಿದವರ ದೃಷ್ಟಿ ಸುಧಾರಿಸಲಿಲ್ಲ. ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿಮಾಡಲು ಅವಕಾಶ ಕೊಟ್ಟ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ, ನೋಂದಾಯಿತ ಸಮುದಾಯದವನೆಂಬ ಒಂದೇ ಕಾರಣಕ್ಕೆ ಬೆರಳಚ್ಚು ಪಡೆಯಬಹುದಿತ್ತು. ಅಪರಾಧ ಮಾಡಿರಬೇಕೆಂದೇನೂ ಇರಲಿಲ್ಲ. ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರದ ಸೆಟ್ಲ್‌ಮೆಂಟುಗಳಲ್ಲಿ ಇಂಥ ಕುಟುಂಬಗಳನ್ನು ತಂತಿಬೇಲಿಯೊಳಗೆ ಕೂಡಿಟ್ಟರು. ಬೆರಳಚ್ಚು ಹೇಳಬಲ್ಲದ್ದು ಒಂದೇ ಮಾತು: ಇವನೂ ಅವನೂ ಒಬ್ಬನೇ. ಇಡೀ ಜನಾಂಗವೇ ಕಳ್ಳರೆಂದು ಹೇಳುವ ಶಕ್ತಿ ಯಾವ ಅಳತೆಗೂ ಇಲ್ಲ. ಆ ಕಳಂಕ ಕಾನೂನಿನಿಂದ ತೊಲಗಿದ್ದು 1952ರಲ್ಲಿ, ಜನರ ಬಾಯಿಂದ ಇನ್ನೂ ಪೂರ್ತಿ ತೊಲಗಿಲ್ಲ.

ಅಪರಾಧ ಪ್ರಕರಣಗಳಲ್ಲಿ ಗುರುತು ಹಚ್ಚುವ ಕುರಿತ 2022ರ ಕಾಯ್ದೆ ‘ಅಳತೆ’ಯೊಳಗೆ ಕಣ್ಣಿನ ಪಾಪೆ, ಜೈವಿಕ ಮಾದರಿ, ಕೈಬರಹವನ್ನೂ ಸೇರಿಸಿದೆ, ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಬಹುದು. ಯಂತ್ರ ಎಷ್ಟು ನಿಖರ ಎಂದು ಕೇಳಿದರೆ ಸಾಲದು. ಯಾರ ಮಾಹಿತಿ ಪಡೆಯುತ್ತಾರೆ, ಖುಲಾಸೆಯಾದವರ ದಾಖಲೆ ನಿಜಕ್ಕೂ ಅಳಿಸುತ್ತಾರೆಯೇ ಎಂದೂ ಕೇಳಬೇಕು. ಹಿಂದೆ ತಾಂಡಾ, ಜೋಪಡಿಗಳ ಮೇಲೆ ಅಪರಾಧದ ಮುದ್ರೆ ಒತ್ತಿದ್ದ ನಾಡಿನಲ್ಲಿ ಈ ಪ್ರಶ್ನೆ ಕೇಳುವ ಹಕ್ಕೂ ಹೊಣೆಯೂ ನಮ್ಮೆಲ್ಲರದು.